ಮಲಗದ ಲ್ಯಾಪ್‌ಟಾಪ್, ಏಳದ ಲ್ಯಾಪ್‌ಟಾಪ್

(ಉಪನ್ಯಾಸದ ಲಿಖಿತ ರೂಪ)



ಕಾಡು, ನದಿ, ಗಣಿಗಾರಿಕೆಗಳ ಚರ್ಚೆಗೆ ಮೀಸಲಾದ ವೇದಿಕೆಯಲ್ಲಿ ಲ್ಯಾಪ್‌ಟಾಪ್ ದುರಸ್ತಿಯ ಮಾತೇಕೆ ಎಂಬ ಪ್ರಶ್ನೆ ಸಹಜವಾದುದು. ಅದಕ್ಕೆ ಉತ್ತರ ಒಂದು ದಿನಾಂಕದಲ್ಲಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಹಿಂದುಮುಂದಿನ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ಅಸಂಖ್ಯ ಯಂತ್ರಗಳು ವಿಂಡೋಸ್ 11ಕ್ಕೆ ಏರಿದವು. ಏರಲಾಗದ ಯಂತ್ರಗಳು ಮೂಲೆ ಸೇರತೊಡಗಿದವು. ಏರಿದ ಯಂತ್ರಗಳಲ್ಲಿಯೂ ಕೆಲವು ಹೊಸ ತೊಂದರೆ ತೋರಿದವು. ಮುಚ್ಚಳ ಮುಚ್ಚಿದರೂ ಮಲಗಲಿಲ್ಲ, ಮಲಗಿದವು ಏಳಲಿಲ್ಲ, ಎದ್ದವು ಕೆಲಸದ ನಡುವೆ ತಾವಾಗಿಯೇ ಆರಿ ಮತ್ತೆ ಹೊತ್ತಿಕೊಂಡವು.

ಇಂತಹ ಯಂತ್ರವನ್ನು ಕೆಟ್ಟುಹೋಯಿತೆಂದು ತೀರ್ಮಾನಿಸಿ ಹೊಸದನ್ನು ಕೊಳ್ಳುವುದು ಸುಲಭ. ಆದರೆ ಆ ತೀರ್ಮಾನ ಅನೇಕ ಸಲ ತಪ್ಪು. ಯಂತ್ರ ಸತ್ತಿರುವುದಿಲ್ಲ, ಹಳೆಯ ಯಂತ್ರಾಂಗಕ್ಕೂ ಹೊಸ ತಂತ್ರಾಂಶಕ್ಕೂ ನಡುವಿನ ಹೊಂದಾಣಿಕೆ ತಪ್ಪಿರುತ್ತದೆ. ಅದನ್ನು ಕ್ರಮವಾಗಿ ಪರೀಕ್ಷಿಸಿ ಸರಿಪಡಿಸುವ ವಿದ್ಯೆ ಹಳ್ಳಿಯ ವಿದ್ಯಾರ್ಥಿಗೂ ಎಟುಕುವಂಥದು. ಆ ಕ್ರಮವನ್ನು ವಿವರಿಸುವುದೇ ಈ ಉಪನ್ಯಾಸದ ಉದ್ದೇಶ.

ಎರಡು ಸೀಮೆ, ಒಂದೇ ತೊಂದರೆ

ಸಹ್ಯಾದ್ರಿಯಲ್ಲಿ ಹುಟ್ಟಿದ ಕೃಷ್ಣೆಯೂ ಭೀಮೆಯೂ ಪೂರ್ವಕ್ಕೆ ಹರಿದು ಒಂದಾಗುವ ಸೀಮೆಯಲ್ಲಿ ವಡಗೇರಾ ಇದೆ. ಯಾದಗಿರಿ ಜಿಲ್ಲೆಯ ಈ ಊರು ಮೊದಲು ಶಹಾಪುರ ತಾಲ್ಲೂಕಿಗೆ ಸೇರಿತ್ತು. 2017ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಇದರ ಹೆಸರೂ ಸೇರಿತು. ಹತ್ತಿ, ತೊಗರಿ, ಭತ್ತಗಳ ನಾಡು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಅಲ್ಲಿ ವಾಡಿಕೆ. ಬಹಳಷ್ಟು ಲ್ಯಾಪ್‌ಟಾಪ್‌ಗಳನ್ನು ಸುಮಾರು 35 ಡಿಗ್ರಿಯವರೆಗಿನ ಸುತ್ತಣ ಉಷ್ಣಾಂಶಕ್ಕೆಂದು ರೂಪಿಸಲಾಗಿರುತ್ತದೆ. ಅಂದರೆ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ವಡಗೇರಾದ ತಗಡಿನ ಮಾಡಿನ ಕೆಳಗೆ ಯಂತ್ರವು ತನ್ನ ಮಿತಿಯಾಚೆ ದುಡಿಯುತ್ತಿರುತ್ತದೆ.

ಮಲೆನಾಡಿನ ಸ್ಥಿತಿ ಇದಕ್ಕೆ ವಿರುದ್ಧ. ಆಷಾಢದ ಗಾಳಿಗೆ ಮರ ಉರುಳಿ ತಂತಿ ಹರಿದರೆ ದಿನಗಟ್ಟಲೆ ವಿದ್ಯುತ್ತಿರುವುದಿಲ್ಲ. ಬ್ಯಾಟರಿಯಲ್ಲಿ ಉಳಿದ ಚಾರ್ಜೇ ಆಧಾರ. ಮಲಗಿಸಿಟ್ಟ ಲ್ಯಾಪ್‌ಟಾಪ್ ರಾತ್ರಿಯೆಲ್ಲ ಒಳಗೊಳಗೇ ಎಚ್ಚರವಿದ್ದು ಬೆಳಗಾಗುವಷ್ಟರಲ್ಲಿ ಬರಿದಾದರೆ ವಿದ್ಯಾರ್ಥಿಯ ಒಂದು ದಿನದ ಓದು ಹೋಯಿತೆಂದೇ ಅರ್ಥ. ಬಿಸಿಲು ಸೀಮೆಯಲ್ಲಿ ಶಾಖದ ರೂಪದಲ್ಲಿ, ಮಳೆ ಸೀಮೆಯಲ್ಲಿ ವ್ಯರ್ಥವಾದ ಚಾರ್ಜಿನ ರೂಪದಲ್ಲಿ ತೊಂದರೆ ಕಾಣಿಸಿಕೊಳ್ಳುತ್ತದೆ. ಮೂಲ ಮಾತ್ರ ಒಂದೇ. ಎರಡೂ ಕಡೆಗಳಲ್ಲಿ ಅಧಿಕೃತ ಸೇವಾಕೇಂದ್ರ ದೂರ. ಹೋಗಿಬರುವ ಖರ್ಚು, ಕಳೆದುಹೋಗುವ ಕೂಲಿ, ತಪ್ಪುವ ತರಗತಿ ಇವೆಲ್ಲ ಸೇರಿ ಚಿಕ್ಕ ದೋಷವೂ ದೊಡ್ಡದಾಗುತ್ತದೆ. ಆದ್ದರಿಂದ ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯ ಮಹತ್ವ ಇಂತಹ ಊರುಗಳಲ್ಲಿ ಪಟ್ಟಣಕ್ಕಿಂತ ಹೆಚ್ಚು.

ನಿದ್ರೆಯ ಮೂರು ಬಗೆ

ಲ್ಯಾಪ್‌ಟಾಪಿನ ನಿದ್ರೆ ಒಂದೇ ಬಗೆಯದಲ್ಲ. ಈ ಭೇದವನ್ನು ಅರಿಯದೆ ದೋಷ ಹುಡುಕಲಾಗದು.

ಮೊದಲನೆಯದು ಹಳೆಯ ಪದ್ಧತಿಯ ನಿದ್ರೆ. ತಂತ್ರಜ್ಞರು ಇದನ್ನು ಎಸ್3 ಎನ್ನುತ್ತಾರೆ. ಇದರಲ್ಲಿ ಪ್ರೊಸೆಸರ್, ಪರದೆ, ಡಿಸ್ಕ್ ಎಲ್ಲವೂ ಆರುತ್ತವೆ. ತೆರೆದಿಟ್ಟ ಕೆಲಸವನ್ನು ನೆನಪಿಟ್ಟುಕೊಂಡಿರುವ ರ್‍ಯಾಮ್ ಎಂಬ ಭಾಗಕ್ಕೆ ಮಾತ್ರ ಅತ್ಯಲ್ಪ ವಿದ್ಯುತ್ ಹರಿಯುತ್ತಿರುತ್ತದೆ.

ಎರಡನೆಯದು ಮಾಡರ್ನ್ ಸ್ಟ್ಯಾಂಡ್‌ಬೈ ಎಂದು ಕರೆಯಲ್ಪಡುವ ಹೊಸ ಪದ್ಧತಿ. ಇದು ಮೊಬೈಲ್ ಫೋನಿನ ನಿದ್ರೆಯಂಥದು. ಪರದೆ ಆರಿರುತ್ತದೆ; ಆದರೆ ಯಂತ್ರ ಆಗಾಗ ಅರೆಗಣ್ಣು ತೆರೆದು ಅಂಚೆ ನೋಡುತ್ತದೆ, ನವೀಕರಣ ಇಳಿಸಿಕೊಳ್ಳುತ್ತದೆ. ಯಾವುದೋ ಒಂದು ಡ್ರೈವರ್ ಸರಿಯಿಲ್ಲದಿದ್ದರೆ ಈ ಅರೆ ಎಚ್ಚರವೇ ಪೂರ್ಣ ಎಚ್ಚರವಾಗುತ್ತದೆ. ಚೀಲದೊಳಗಿನ ಲ್ಯಾಪ್‌ಟಾಪ್ ಕಾದ ಹಂಚಿನಂತಾಗುವುದಕ್ಕೆ ಇದು ಸಾಮಾನ್ಯ ಕಾರಣಗಳಲ್ಲೊಂದು.

ಮೂರನೆಯದು ಹೈಬರ್ನೇಟ್ ಅಥವಾ ದೀರ್ಘನಿದ್ರೆ. ಇದರಲ್ಲಿ ರ್‍ಯಾಮ್‌ನಲ್ಲಿರುವುದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಯಂತ್ರ ಆರಿಹೋಗುತ್ತದೆ. ಏಳಲು ತುಸು ಹೆಚ್ಚು ಸಮಯ ಬೇಕು. ಆದರೆ ವಿದ್ಯುತ್ ಖರ್ಚಾಗುವುದು ಇಲ್ಲವೆನ್ನುವಷ್ಟು ಕಡಿಮೆ, ಶಾಖವೂ ಇಲ್ಲ. ದಿನಗಟ್ಟಲೆ ಕರೆಂಟಿಲ್ಲದ ಊರಿಗೂ ಬಿರುಬಿಸಿಲಿನ ಬಸ್ ಪ್ರಯಾಣಕ್ಕೂ ಇದೇ ಯೋಗ್ಯವಾದ ನಿದ್ರೆ.

ಇವುಗಳ ಜೊತೆಗೆ 2012ರಲ್ಲಿ ವಿಂಡೋಸ್ 8ರೊಂದಿಗೆ ಬಂದ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವನ್ನೂ ತಿಳಿದಿರಬೇಕು. ಇದು ಚಾಲೂ ಇದ್ದರೆ ಶಟ್‌ಡೌನ್ ಒತ್ತಿದಾಗ ಯಂತ್ರ ಪೂರ್ತಿಯಾಗಿ ಆರುವುದಿಲ್ಲ. ಬಳಕೆದಾರನ ಕೆಲಸಗಳು ಮುಚ್ಚುತ್ತವೆ. ಕಾರ್ಯಾಚರಣ ವ್ಯವಸ್ಥೆಯ ತಿರುಳು ಮಾತ್ರ ದೀರ್ಘನಿದ್ರೆಗೆ ಹೋಗುತ್ತದೆ. ಮರುದಿನ ಅದೇ ತಿರುಳು ಏಳುವುದರಿಂದ ನಿನ್ನೆಯ ದೋಷ ಇಂದಿಗೂ ಉಳಿದಿರಬಹುದು. ರೀಸ್ಟಾರ್ಟ್ ಒತ್ತಿದಾಗ ಮಾತ್ರ ಯಂತ್ರ ಮೊದಲಿನಿಂದ ಹೊಸದಾಗಿ ಏಳುತ್ತದೆ. ಹತ್ತು ಸಲ ಆರಿಸಿ ಹಾಕಿದರೂ ಸರಿಹೋಗದ್ದು ಒಮ್ಮೆ ರೀಸ್ಟಾರ್ಟ್ ಮಾಡಿದಾಗ ಸರಿಹೋಗುವುದರ ಗುಟ್ಟು ಇದೇ.

ಮೇಲ್ದರ್ಜೆಗೇರಿದಾಗ ಕೆಡುವುದೇಕೆ

ಯಂತ್ರವನ್ನು ಮಲಗಿಸುವುದು ಒಬ್ಬರ ಕೆಲಸವಲ್ಲ. ಮೂವರು ಒಪ್ಪಬೇಕು. ಯಂತ್ರದ ಫಲಕದಲ್ಲಿಯೇ ಅಚ್ಚಾಗಿರುವ ಬಯಾಸ್ ಎಂಬ ಮೂಲ ತಂತ್ರಾಂಶ ಒಬ್ಬರು. ಪರದೆ, ವೈಫೈ, ಧ್ವನಿ ಮೊದಲಾದ ಅಂಗಗಳನ್ನು ನಡೆಸುವ ಡ್ರೈವರ್‌ಗಳು ಇನ್ನೊಬ್ಬರು. ಇವೆರಡರ ಮೇಲೆ ಕುಳಿತ ಕಾರ್ಯಾಚರಣ ವ್ಯವಸ್ಥೆ ಮೂರನೆಯವರು. ಇವರು ಪರಸ್ಪರ ಮಾತಾಡುವ ನಿಯಮಾವಳಿಯನ್ನು ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸಂಸ್ಥೆಗಳು ಸೇರಿ 1996ರ ಡಿಸೆಂಬರ್‌ನಲ್ಲಿ ಮೊದಲು ಪ್ರಕಟಿಸಿದವು. ಎಸಿಪಿಐ ಎಂಬುದು ಅದರ ಹೆಸರು. ಅನೇಕ ಪರಿಷ್ಕರಣೆಗಳೊಡನೆ ಇಂದಿಗೂ ಅದೇ ಆಧಾರ.

ಮೇಲ್ದರ್ಜೆಗೇರಿಸುವಾಗ ಬದಲಾಗುವುದು ಮುಖ್ಯವಾಗಿ ಮೂರನೆಯವರು. ಬಯಾಸ್ ಹಳೆಯದೇ ಉಳಿದಿರುತ್ತದೆ. ಡ್ರೈವರ್‌ಗಳ ಜಾಗದಲ್ಲಿ ಕೆಲವೊಮ್ಮೆ ಎಲ್ಲ ಯಂತ್ರಗಳಿಗೂ ಹೊಂದುವ ಸಾಮಾನ್ಯ ಡ್ರೈವರ್ ಬಂದು ಕೂರುತ್ತದೆ. ಅದು ಚಿತ್ರ ತೋರಿಸುತ್ತದೆ, ಧ್ವನಿ ಕೇಳಿಸುತ್ತದೆ; ಮಲಗುವ ಮತ್ತು ಏಳುವ ಸೂಕ್ಷ್ಮ ಸಂಜ್ಞೆಗಳನ್ನು ಮಾತ್ರ ಸರಿಯಾಗಿ ಪಾಲಿಸದಿರಬಹುದು. ವಿದ್ಯುತ್ ಸಂಬಂಧದ ಹಳೆಯ ಆಯ್ಕೆಗಳೂ ಬದಲಾಗಿರಬಹುದು.

ತಪ್ಪು ಕೆಲವೊಮ್ಮೆ ನವೀಕರಣದ್ದೇ ಆಗಿರುತ್ತದೆ. 2026ರ ಜನವರಿ 13ರ ಭದ್ರತಾ ನವೀಕರಣದ ಬಳಿಕ ವಿಂಡೋಸ್ 11ರ 23ಎಚ್2 ಆವೃತ್ತಿಯಿದ್ದು, ಸೆಕ್ಯೂರ್ ಲಾಂಚ್ ಎಂಬ ರಕ್ಷಣಾ ಸೌಲಭ್ಯ ಚಾಲೂ ಇದ್ದ ಕೆಲವು ಯಂತ್ರಗಳು ಆರಲಿಲ್ಲ. ಆರಿಸಿದರೂ ಹೈಬರ್ನೇಟ್‌ಗೆ ಹಾಕಿದರೂ ಮತ್ತೆ ಚಾಲೂ ಆಗುತ್ತಿದ್ದವು. ಮೈಕ್ರೋಸಾಫ್ಟ್ ಅದನ್ನು ಒಪ್ಪಿಕೊಂಡು ಜನವರಿ 17ರಂದು ತುರ್ತು ತಿದ್ದುಪಡಿ ಹೊರಡಿಸಿತು. ಆ ನಾಲ್ಕು ದಿನಗಳಲ್ಲಿ ಯಾರಾದರೂ ಯಂತ್ರದ ಹೊಟ್ಟೆ ಬಗೆದು ಫಲಕ ಬದಲಿಸಿದ್ದರೆ ಹಣವೂ ವ್ಯರ್ಥ, ಫಲಕವೂ ವ್ಯರ್ಥ. ಕಾಯುವುದೂ ಒಂದು ಚಿಕಿತ್ಸೆಯೆಂಬುದಕ್ಕೆ ಇದು ನಿದರ್ಶನ.

ಕಾಂಡ ಸೀಳಿ ನೋಡುವ ಕ್ರಮ

ಯಾದಗಿರಿ, ಕಲಬುರಗಿ ಸೀಮೆಯ ರೈತರಿಗೆ ತೊಗರಿಯ ನೆಟೆ ರೋಗ ಚಿರಪರಿಚಿತ. ಗಿಡ ಬಾಡಿ ನಿಂತಿರುತ್ತದೆ. ನೀರು ನಿಂತರೂ ಗಿಡ ಬಾಡುತ್ತದೆ, ಮಣ್ಣಿನ ಶಿಲೀಂಧ್ರ ಹತ್ತಿದರೂ ಬಾಡುತ್ತದೆ. ಹೊರಗಿನಿಂದ ನೋಡಿ ಔಷಧಿ ಸಿಂಪಡಿಸುವವನು ದುಡ್ಡು ಕಳೆದುಕೊಳ್ಳುತ್ತಾನೆ. ಅನುಭವಿ ರೈತ ಕಾಂಡ ಸೀಳಿ ನೋಡುತ್ತಾನೆ. ಒಳಗೆ ಕಂದುಗಪ್ಪು ಗೆರೆ ಇದ್ದರೆ ನೆಟೆಯೆಂದು ಖಚಿತಪಡಿಸಿಕೊಳ್ಳುತ್ತಾನೆ. ಲ್ಯಾಪ್‌ಟಾಪಿಗೂ ಇದೇ ನ್ಯಾಯ. ಮೊದಲು ಲಕ್ಷಣವನ್ನು ಹೆಸರಿಸಬೇಕು, ಆಮೇಲೆ ಪರೀಕ್ಷೆ, ಕೊನೆಗೆ ಚಿಕಿತ್ಸೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬದಲಿಸಿದ್ದನ್ನು ದಿನಾಂಕ ಸಹಿತ ಕಾಗದದಲ್ಲಿ ಬರೆದಿಡಬೇಕು. ಐದು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು.

ಲಕ್ಷಣಗಳು ನಾಲ್ಕು. ಒಂದು, ಯಂತ್ರ ಮಲಗುವುದೇ ಇಲ್ಲ. ಎರಡು, ಮಲಗಿದ ಕೆಲಹೊತ್ತಿಗೆ ತಾನಾಗಿ ಏಳುತ್ತದೆ. ಮೂರು, ಮಲಗಿದ್ದು ಏಳುವುದಿಲ್ಲ. ದೀಪ ಉರಿಯುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ನಾಲ್ಕು, ಬಳಸುವಾಗಲೇ ತಾನಾಗಿ ರೀಸ್ಟಾರ್ಟ್ ಆಗುತ್ತದೆ.

ಯಾವ ಲಕ್ಷಣವೇ ಇರಲಿ, ಮೊದಲು ಮಾಡಬೇಕಾದ ಕೆಲಸ ಕಡತಗಳ ರಕ್ಷಣೆ. ಪ್ರಬಂಧ, ಛಾಯಾಚಿತ್ರ, ಜಮೀನಿನ ದಾಖಲೆಗಳ ಪ್ರತಿಯನ್ನು ಪೆನ್‌ಡ್ರೈವಿಗೋ ಬೇರೆ ಡಿಸ್ಕಿಗೋ ತೆಗೆದಿಡಬೇಕು. ವಿಂಡೋಸ್ 11 ಅನೇಕ ಯಂತ್ರಗಳಲ್ಲಿ ಡಿಸ್ಕನ್ನು ಗೂಢಲಿಪಿಗೊಳಿಸಿರುತ್ತದೆ. ಬಯಾಸ್ ಬದಲಾದಾಗ ಅದು 48 ಅಂಕಿಗಳ ಬಿಟ್‌ಲಾಕರ್ ಕೀಲಿಯನ್ನು ಕೇಳಬಹುದು. ಆ ಕೀಲಿಯನ್ನು ತನ್ನ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ ಮೊದಲೇ ಬರೆದಿಟ್ಟುಕೊಳ್ಳದವನು ತನ್ನ ಮನೆಗೆ ತಾನೇ ಬೀಗ ಹಾಕಿ ಕೀಲಿ ಕಳೆದುಕೊಂಡಂತೆ.

ಎರಡನೆಯ ಕೆಲಸ, ಬಾಕಿಯಿರುವ ನವೀಕರಣಗಳೆಲ್ಲ ಮುಗಿಯಲು ಬಿಡುವುದು. ಮೇಲ್ದರ್ಜೆಗೇರಿದ ಬಳಿಕ ಕೆಲಕಾಲ ಹಿನ್ನೆಲೆಯಲ್ಲಿ ಕಡತಗಳ ಸೂಚಿ ತಯಾರಿ, ಡ್ರೈವರ್ ಇಳಿಕೆ ಮೊದಲಾದ ಕೆಲಸಗಳು ನಡೆಯುತ್ತಿರುತ್ತವೆ. ಆ ಅವಧಿಯ ಬಿಸಿಯನ್ನೂ ರೀಸ್ಟಾರ್ಟನ್ನೂ ರೋಗವೆಂದು ಎಣಿಸಬಾರದು. ಎಲ್ಲ ಮುಗಿದ ಮೇಲೆ ಶಟ್‌ಡೌನ್ ಒತ್ತದೆ ಒಮ್ಮೆ ರೀಸ್ಟಾರ್ಟ್ ಮಾಡಬೇಕು. ಹೊರಗಿನಿಂದ ಜೋಡಿಸಿದ ಮೌಸ್, ಪ್ರಿಂಟರ್, ಪೆನ್‌ಡ್ರೈವ್‌ಗಳನ್ನೆಲ್ಲ ಕಳಚಿ ಮತ್ತೆ ಮಲಗಿಸಿ ನೋಡಬೇಕು. ಕೆಲವು ತೊಂದರೆಗಳು ಇಲ್ಲಿಗೇ ಮುಗಿಯುತ್ತವೆ.

ಯಂತ್ರವನ್ನೇ ಕೇಳುವುದು

ಮುಗಿಯದಿದ್ದರೆ ಯಂತ್ರವನ್ನೇ ಪ್ರಶ್ನಿಸಬಹುದು. ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ತೆರೆಯಬೇಕು. ಅಲ್ಲಿ ಪವರ್ ಎಂಬ ಇಂಗ್ಲಿಷ್ ಪದವನ್ನು ಬರೆದು, ಜಾಗ ಬಿಡದೆ ಸಿ, ಎಫ್, ಜಿ ಅಕ್ಷರಗಳನ್ನು ಸೇರಿಸಿ, ಒಂದು ಜಾಗ ಬಿಟ್ಟು ಮುಂದಕ್ಕೆ ವಾಲಿದ ಓರೆಗೆರೆಯನ್ನೂ ಅದಕ್ಕೆ ತಾಗಿ ಎ ಅಕ್ಷರವನ್ನೂ ಒತ್ತಿ ಎಂಟರ್ ಹೊಡೆಯಬೇಕು. ಈ ಯಂತ್ರಕ್ಕೆ ಯಾವ ಬಗೆಯ ನಿದ್ರೆ ಸಾಧ್ಯ, ಯಾವುದು ಅಸಾಧ್ಯ, ಏಕೆ ಅಸಾಧ್ಯ ಎಂಬ ಪಟ್ಟಿ ಬರುತ್ತದೆ. ಪರದೆಯ ಡ್ರೈವರ್ ಸರಿಯಿಲ್ಲದಿದ್ದರೆ ಅದೂ ಆ ಪಟ್ಟಿಯಲ್ಲಿ ಕಾಣಬಹುದು.

ಅದೇ ಆದೇಶದಲ್ಲಿ ಎ ಅಕ್ಷರದ ಬದಲು ರಿಕ್ವೆಸ್ಟ್ಸ್ ಎಂದು ಬರೆದರೆ, ಯಂತ್ರವನ್ನು ಮಲಗಲು ಬಿಡದೆ ಹಿಡಿದಿರುವವರು ಯಾರೆಂಬುದು ತಿಳಿಯುತ್ತದೆ. ಹಾಡು ಕೇಳಿಸುವ ತಂತ್ರಾಂಶವೋ ಬ್ರೌಸರಿನಲ್ಲಿ ತೆರೆದಿಟ್ಟ ದೃಶ್ಯವೋ ಅಲ್ಲಿ ಸಿಕ್ಕಿಬೀಳುತ್ತದೆ. ಲಾಸ್ಟ್ ಮತ್ತು ವೇಕ್ ಎಂಬ ಎರಡು ಪದಗಳನ್ನು ಕೂಡಿಸಿ ಬರೆದರೆ ಕೊನೆಯ ಸಲ ಯಂತ್ರವನ್ನು ಎಬ್ಬಿಸಿದ್ದು ಯಾವುದೆಂದು ಗೊತ್ತಾಗುತ್ತದೆ. ವೇಕ್ ಮತ್ತು ಟೈಮರ್ಸ್ ಪದಗಳನ್ನು ಕೂಡಿಸಿದರೆ ಮುಂದೆ ಎಬ್ಬಿಸಲು ಅಲಾರಾಂ ಇಟ್ಟವರ ಪಟ್ಟಿ ಬರುತ್ತದೆ. ಹೊಸ ಪದ್ಧತಿಯ ನಿದ್ರೆಯಿರುವ ಯಂತ್ರಗಳಲ್ಲಿ ಸ್ಲೀಪ್ ಮತ್ತು ಸ್ಟಡಿ ಪದಗಳನ್ನು ಕೂಡಿಸಿ ಬರೆದರೆ ಕಳೆದ ದಿನಗಳ ನಿದ್ರೆಯ ಪೂರ್ಣ ವರದಿ ಸಿದ್ಧವಾಗುತ್ತದೆ. ಪ್ರತಿ ನಿದ್ರೆಯಲ್ಲಿಯೂ ಎಷ್ಟು ಚಾರ್ಜು ಸೋರಿತೆಂಬುದು ಅದರಲ್ಲಿರುತ್ತದೆ.

ವಡಗೇರಾದ ಒಬ್ಬ ಪದವಿ ವಿದ್ಯಾರ್ಥಿನಿಯ ಸಂದರ್ಭವನ್ನು ಊಹಿಸಿಕೊಳ್ಳಬಹುದು. ಮೇಲ್ದರ್ಜೆಗೇರಿಸಿದ ವಾರದಲ್ಲಿ ಅವಳು ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕಿಟ್ಟು ಯಾದಗಿರಿಯ ಬಸ್ಸು ಹತ್ತುತ್ತಾಳೆ. ಇಳಿದಾಗ ಯಂತ್ರ ಕೈಸುಡುವಷ್ಟು ಬಿಸಿ, ಬ್ಯಾಟರಿ ಬರಿದು. ಅಂಗಡಿಯವನು ಮುಟ್ಟಿ ನೋಡಿ, "ಬೋರ್ಡ್ ಹೋಗ್ಯಾದ ತಂಗಿ, ಹೊಸದು ತಗೊಳ್ಳೋದ ಚಲೋ" ಎನ್ನುತ್ತಾನೆ. ಅವಳು ಮನೆಗೆ ಬಂದು ಮೇಲಿನ ಪ್ರಶ್ನೆಗಳನ್ನು ಕೇಳಿದರೆ, ಹೊಸ ಪದ್ಧತಿಯ ನಿದ್ರೆಯಿದೆ, ವೈಫೈ ಅಂಗವು ಮತ್ತೆ ಮತ್ತೆ ಯಂತ್ರವನ್ನು ಎಬ್ಬಿಸಿದೆ ಎಂಬ ಉತ್ತರ ದೊರೆಯಬಹುದು. ತಯಾರಕರ ಜಾಲತಾಣದಿಂದ ಆ ಮಾದರಿಯದೇ ವೈಫೈ ಡ್ರೈವರನ್ನು ಹಾಕಿ, ಮುಚ್ಚಳ ಮುಚ್ಚಿದಾಗ ಹೈಬರ್ನೇಟ್ ಆಗುವಂತೆ ಆಯ್ಕೆ ಬದಲಿಸಿದರೆ ತೊಂದರೆ ತೀರುತ್ತದೆ. ಖರ್ಚು ತುಸು ಡೇಟಾ, ಒಂದು ಸಂಜೆ. ಇಲ್ಲಿ ನಿರ್ಣಾಯಕವಾದುದು ಅಂಗಡಿಯವನ ಮಾತಿಗೂ ಹೊಸ ಸಾಲಕ್ಕೂ ನಡುವೆ ಅವಳು ತೆಗೆದುಕೊಂಡ ಆ ಒಂದು ಸಂಜೆ.

ಹೈಬರ್ನೇಟ್ ಆಯ್ಕೆ ಸಾಮಾನ್ಯವಾಗಿ ಮರೆಯಲ್ಲಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ತೆರೆದು, ಪವರ್ ಗುಂಡಿಗಳು ಏನು ಮಾಡಬೇಕೆಂಬ ಆಯ್ಕೆಯೊಳಗೆ ಹೋದರೆ ಹೈಬರ್ನೇಟ್ ಮತ್ತು ಫಾಸ್ಟ್ ಸ್ಟಾರ್ಟಪ್ ಎರಡೂ ಅಲ್ಲಿ ಕಾಣುತ್ತವೆ. ಮಸುಕಾಗಿ ಕಂಡರೆ, ಮೇಲ್ಭಾಗದಲ್ಲಿ ಸದ್ಯ ಲಭ್ಯವಿಲ್ಲದ ಆಯ್ಕೆಗಳನ್ನು ಬದಲಿಸುವ ಕೊಂಡಿಯನ್ನು ಒತ್ತಬೇಕು. ಮೊದಲನೆಯದನ್ನು ಚಾಲೂ ಮಾಡಿ ಎರಡನೆಯದನ್ನು ಆರಿಸಿ ಕೆಲವು ದಿನ ಗಮನಿಸುವುದು ಉತ್ತಮ ಪರೀಕ್ಷೆ.

ಕಪ್ಪು ಪರದೆ

ದೀಪ ಉರಿಯುತ್ತಿದ್ದು ಪರದೆ ಕಪ್ಪಾಗಿದ್ದರೆ ಗಾಬರಿಯಾಗದೆ ಕ್ಯಾಪ್ಸ್‌ಲಾಕ್ ಗುಂಡಿಯನ್ನು ಒತ್ತಿ ನೋಡಬೇಕು. ಅದರ ಪುಟ್ಟ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಎದ್ದಿದೆ, ಪರದೆ ಮಾತ್ರ ಎದ್ದಿಲ್ಲವೆಂದು ತಿಳಿಯಬಹುದು. ತೊಗರಿಯ ಗೊಡ್ಡು ರೋಗದಲ್ಲಿ ಗಿಡ ಹಸಿರಾಗಿಯೇ ನಿಂತು ಹೂ ಬಿಡದಿರುವಂತೆ ಇದು. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಗುಂಡಿಗಳನ್ನು ಹಿಡಿದು ಬಿ ಅಕ್ಷರ ಒತ್ತಿದರೆ ಪರದೆಯ ಡ್ರೈವರ್ ಹೊಸದಾಗಿ ಚಾಲೂ ಆಗುತ್ತದೆ. ಅದರಿಂದ ಚಿತ್ರ ಬಂದರೆ ದೋಷ ಎಲ್ಲಿದೆಯೆಂಬುದು ಸ್ಪಷ್ಟ.

ಡಿವೈಸ್ ಮ್ಯಾನೇಜರ್ ತೆರೆದು ಡಿಸ್ಪ್ಲೇ ವಿಭಾಗದಲ್ಲಿ ಡ್ರೈವರಿನ ದಿನಾಂಕ ನೋಡಬೇಕು. ಮೇಲ್ದರ್ಜೆಯ ನಂತರ ಬದಲಾಗಿದ್ದರೆ ರೋಲ್ ಬ್ಯಾಕ್ ಗುಂಡಿಯಿಂದ ಹಳೆಯದಕ್ಕೆ ಮರಳಬಹುದು. ಇಲ್ಲವೇ ತಯಾರಕರ ಜಾಲತಾಣದಲ್ಲಿ ತನ್ನ ಯಂತ್ರದ ಮಾದರಿ ಸಂಖ್ಯೆಯನ್ನು ಕೊಟ್ಟು ಪರದೆ ಮತ್ತು ಚಿಪ್‌ಸೆಟ್ ಡ್ರೈವರ್‌ಗಳನ್ನು ಪಡೆಯಬೇಕು. ಎಲ್ಲ ಡ್ರೈವರ್‌ಗಳನ್ನೂ ಒಂದೇ ಏಟಿಗೆ ಸರಿಪಡಿಸುವೆವೆಂದು ಜಾಹೀರಾತು ಮಾಡುವ ತಂತ್ರಾಂಶಗಳನ್ನು ದೂರವಿಡುವುದೇ ಕ್ಷೇಮ. ಅವು ಗುರುತಿಲ್ಲದ ಊರಿನಿಂದ ತಂದ ಬೀಜದಂತೆ; ಮೊಳೆತ ಮೇಲೆಯೇ ಕಳೆಯೆಂದು ತಿಳಿಯುವುದು.

ತಾನಾಗಿ ರೀಸ್ಟಾರ್ಟ್ ಆಗುವುದು

ಇದರಲ್ಲಿ ಎರಡು ಜಾತಿ. ವಿಂಡೋಸ್ ತಾನೇ ನಿರ್ಧರಿಸಿ ಮಾಡುವ ರೀಸ್ಟಾರ್ಟ್ ಒಂದು; ಆಘಾತದಿಂದ ಆಗುವುದು ಇನ್ನೊಂದು. ಇವನ್ನು ಬೇರ್ಪಡಿಸಲು ಇವೆಂಟ್ ವ್ಯೂವರ್ ಎಂಬ ದಿನಚರಿ ಇದೆ. ಅದರ ಸಿಸ್ಟಮ್ ವಿಭಾಗದಲ್ಲಿ 1074 ಸಂಖ್ಯೆಯ ನಮೂದು ಕಂಡರೆ ಯಾವುದೋ ತಂತ್ರಾಂಶ ಅಥವಾ ನವೀಕರಣ ಉದ್ದೇಶಪೂರ್ವಕವಾಗಿ ಆರಿಸಿದೆ. ಅದರ ಹೆಸರೂ ಅಲ್ಲಿರುತ್ತದೆ. ಇದಕ್ಕೆ ಪರಿಹಾರ ನವೀಕರಣದ ಆಯ್ಕೆಯಲ್ಲಿ ಆ್ಯಕ್ಟಿವ್ ಅವರ್ಸ್ ಅಂದರೆ ಕೆಲಸದ ಹೊತ್ತನ್ನು ಸರಿಯಾಗಿ ಗೊತ್ತುಪಡಿಸುವುದು. ಕರ್ನಲ್ ಪವರ್ ಹೆಸರಿನ 41 ಮತ್ತು ಅದರ ಜೊತೆಗೆ 6008 ಕಂಡರೆ ಯಂತ್ರ ಸರಿಯಾಗಿ ಮುಚ್ಚಿಕೊಳ್ಳದೆ ಹಠಾತ್ತನೆ ಆರಿದೆಯೆಂದರ್ಥ. ಈ ಸಂಖ್ಯೆಗಳು ಘಟನೆಯನ್ನು ಹೇಳುತ್ತವೆಯೇ ಹೊರತು ಕಾರಣವನ್ನು ಹೇಳುವುದಿಲ್ಲ ಎಂಬುದನ್ನು ಮರೆಯಬಾರದು.

ಕಾರಣ ಶಾಖವಿರಬಹುದು, ಸಡಿಲವಾದ ರ್‍ಯಾಮ್ ಇರಬಹುದು, ಸೊರಗಿದ ಬ್ಯಾಟರಿ ಇರಬಹುದು, ಡ್ರೈವರ್ ಇರಬಹುದು. ವಡಗೇರಾದಂಥ ಊರಿನಲ್ಲಿ ಮಧ್ಯಾಹ್ನ ಮಾತ್ರ ಆರಿ ಬೆಳಗಿನ ತಂಪಿನಲ್ಲಿ ಚೆನ್ನಾಗಿ ನಡೆದರೆ ಮೊದಲು ಶಂಕಿಸಬೇಕಾದುದು ಶಾಖವನ್ನು. ಹತ್ತಿಯ ಎಳೆ, ಕಪ್ಪು ಮಣ್ಣಿನ ಧೂಳು ಗಾಳಿಕಿಂಡಿಯಲ್ಲಿ ತುಂಬಿರುತ್ತವೆ. ಹಾಸಿಗೆಯ ಮೇಲಿಟ್ಟು ಬಳಸಿದರೆ ಕಿಂಡಿ ಪೂರ್ತಿ ಮುಚ್ಚುತ್ತದೆ. ಮಲೆನಾಡಿನಲ್ಲಾದರೆ ಮಳೆಗಾಲದ ತೇವವನ್ನೂ ಗುಡುಗುಮಿಂಚಿನ ಹೊತ್ತಿನ ವಿದ್ಯುತ್ ಏರಿಳಿತವನ್ನೂ ಗಮನಿಸಬೇಕು.

ತಂತ್ರಾಂಶದ ತಪ್ಪೋ ಯಂತ್ರಾಂಗದ ತಪ್ಪೋ ಎಂದು ಬೇರ್ಪಡಿಸಲು ಸರಳ ಉಪಾಯವೊಂದಿದೆ. ಉಬುಂಟುವಿನಂತಹ ಲಿನಕ್ಸ್ ವ್ಯವಸ್ಥೆಯನ್ನು ಪೆನ್‌ಡ್ರೈವಿನಲ್ಲಿ ಸಿದ್ಧಪಡಿಸಿ, ಡಿಸ್ಕಿಗೆ ಏನನ್ನೂ ಬರೆಯದೆ ಅದರಿಂದಲೇ ಯಂತ್ರವನ್ನು ಒಂದೆರಡು ತಾಸು ನಡೆಸಬಹುದು. ಅಲ್ಲಿಯೂ ತಾನಾಗಿ ಆರಿದರೆ ಯಂತ್ರಾಂಗದ ಕಡೆಗೆ ಬೆರಳು. ಅಲ್ಲಿ ಸರಿಯಾಗಿದ್ದು ವಿಂಡೋಸಿನಲ್ಲಿ ಮಾತ್ರ ಆರಿದರೆ ಡ್ರೈವರ್ ಅಥವಾ ನವೀಕರಣದ ಕಡೆಗೆ. ಅಂಗಡಿಗೆ ಹೋಗುವ ಮುನ್ನ ಇಷ್ಟು ತಿಳಿದಿದ್ದರೆ ಅನಗತ್ಯ ಬದಲಾವಣೆಗೆ ಹಣ ತೆರುವುದು ತಪ್ಪುತ್ತದೆ.

ಎರಡು ಎಚ್ಚರಿಕೆಗಳು

ಬಯಾಸ್ ನವೀಕರಣ ಕೆಲವೊಮ್ಮೆ ನಿದ್ರೆಯ ದೋಷವನ್ನು ಬೇರುಸಹಿತ ಕೀಳುತ್ತದೆ. ಆದರೆ ಅದು ನಡೆಯುವಾಗ ವಿದ್ಯುತ್ ಹೋದರೆ ಯಂತ್ರ ಮತ್ತೆ ಏಳದಿರಬಹುದು. ಕರೆಂಟು ಬಂದು ಹೋಗಿ ಮಾಡುವ ಊರುಗಳಲ್ಲಿ ಬ್ಯಾಟರಿ ಪೂರ್ತಿ ತುಂಬಿಸಿ, ಚಾರ್ಜರ್ ಜೋಡಿಸಿಯೇ ಇದನ್ನು ಮಾಡಬೇಕು. ಬ್ಯಾಟರಿ ಸತ್ತಿರುವ ಯಂತ್ರದಲ್ಲಿ ಗುಡುಗಿನ ಸಂಜೆ ಈ ಕೆಲಸಕ್ಕೆ ಕೈಹಾಕುವುದು ಅವಿವೇಕ. ಬೇರೆಲ್ಲ ಪರೀಕ್ಷೆಗಳು ಮುಗಿದ ಮೇಲೆಯೇ ಇದರ ಸರದಿ.

ಎರಡನೆಯದು ಕಾಲಮಿತಿ. ಹೊಸ ಆವೃತ್ತಿಗೆ ಏರಿದ ಬಳಿಕ ಹಿಂದಿನದಕ್ಕೆ ಮರಳಲು ವಿಂಡೋಸ್ ಸಾಮಾನ್ಯವಾಗಿ 10 ದಿನಗಳ ಅವಕಾಶ ಕೊಡುತ್ತದೆ. ಸೆಟ್ಟಿಂಗ್ಸ್‌ನ ರಿಕವರಿ ವಿಭಾಗದಲ್ಲಿ ಗೋ ಬ್ಯಾಕ್ ಎಂಬ ಗುಂಡಿಯಿದೆ. ಜಾಗ ಉಳಿಸಲೆಂದು ಹಳೆಯ ವಿಂಡೋಸಿನ ಕಡತಗಳನ್ನು ಅಳಿಸಿದರೆ ಆ ದಾರಿ ಮುಚ್ಚಿತು. ಆದ್ದರಿಂದ ಮೇಲ್ದರ್ಜೆಗೇರಿಸಿದ ಮೊದಲ ವಾರದಲ್ಲಿಯೇ ಮಲಗುವುದು, ಏಳುವುದು, ಆರುವುದು, ರೀಸ್ಟಾರ್ಟ್ ಈ ನಾಲ್ಕನ್ನೂ ಪರೀಕ್ಷಿಸಿ ನೋಡಬೇಕು. ಪರೀಕ್ಷೆಯ ಹಿಂದಿನ ದಿನ ಏರಿಸುವುದಂತೂ ಸಲ್ಲದು.

ಉಬ್ಬಿದ ಬ್ಯಾಟರಿಯ ವಿಷಯ ಬೇರೆ. ಕೀಲಿಮಣೆಯೋ ತಳವೋ ಉಬ್ಬಿ ಮೇಲೆದ್ದಿದ್ದರೆ ಎಲ್ಲ ಪರೀಕ್ಷೆಗಳನ್ನೂ ನಿಲ್ಲಿಸಿ, ಚಾರ್ಜರ್ ತೆಗೆದು, ಯಂತ್ರವನ್ನು ಆರಿಸಿ ಬಲ್ಲವರಿಗೆ ಒಪ್ಪಿಸಬೇಕು. ಚುಚ್ಚಿದರೆ, ಒತ್ತಿದರೆ ಬೆಂಕಿ ಹೊತ್ತಿಕೊಳ್ಳುವ ವಸ್ತು ಅದು.

ತಿಪ್ಪೆಗೆ ಸೇರುವ ಮುನ್ನ

ವಿಂಡೋಸ್ 11 ಬೇಡುವ ಟಿಪಿಎಂ 2.0 ಎಂಬ ರಕ್ಷಣಾ ಅಂಗವಾಗಲಿ, ಸುಮಾರು 2018ರಿಂದೀಚಿನ ಪ್ರೊಸೆಸರ್ ಆಗಲಿ ಇಲ್ಲದ ಯಂತ್ರಗಳು ಅನೇಕ. ಅವುಗಳನ್ನು ಒತ್ತಾಯದಿಂದ ಏರಿಸುವ ಅಡ್ಡದಾರಿಗಳು ನಿದ್ರೆಯ ತೊಂದರೆಗೂ ದಾರಿಯಾಗಬಲ್ಲವು. ಅಂತಹ ಯಂತ್ರಗಳಿಗೆ ಎರಡು ನೇರ ದಾರಿಗಳಿವೆ. ವಿಂಡೋಸ್ 10ರ ಗೃಹಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ನವೀಕರಣ ನೀಡುವ ಯೋಜನೆಯನ್ನು ಮೈಕ್ರೋಸಾಫ್ಟ್ ಘೋಷಿಸಿತು. ಅದಕ್ಕೆ ಹೆಸರು ನೋಂದಾಯಿಸಬೇಕು. ಇನ್ನೊಂದು ದಾರಿ ಲಿನಕ್ಸ್. ನೆರೆಯ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಸ್ವತಂತ್ರ ತಂತ್ರಾಂಶದಲ್ಲಿಯೇ ಪಾಠ ನಡೆಸುತ್ತ ಬಂದಿವೆ. ಕನ್ನಡದಲ್ಲಿ ಟೈಪಿಸಲು, ಪ್ರಬಂಧ ಬರೆಯಲು, ಜಾಲತಾಣ ನೋಡಲು ಹತ್ತು ವರ್ಷ ಹಳೆಯ ಯಂತ್ರವೂ ಲಿನಕ್ಸಿನಲ್ಲಿ ಸಾಕಾಗುತ್ತದೆ. ಪೆನ್‌ಡ್ರೈವಿನಿಂದ ನಡೆಸಿ, ಮಲಗಿ ಏಳುತ್ತದೆಯೇ ಎಂದು ನೋಡಿಕೊಂಡ ನಂತರವೇ ಡಿಸ್ಕಿಗೆ ಹಾಕುವುದು ಜಾಣತನ.

ಇಷ್ಟು ಶ್ರಮವೇಕೆಂದರೆ, ಲ್ಯಾಪ್‌ಟಾಪೊಂದು ತನ್ನ ಜೀವಮಾನದಲ್ಲಿ ಪರಿಸರದ ಮೇಲೆ ಹೊರಿಸುವ ಹೊರೆಯ ಬಹುಪಾಲು ಅದರ ತಯಾರಿಕೆಯಲ್ಲಿಯೇ ಆಗಿಹೋಗಿರುತ್ತದೆ. ಎಲ್ಲಿಯೋ ಅಗೆದ ತಾಮ್ರ, ಕೋಬಾಲ್ಟ್, ಲಿಥಿಯಂ ಅದರೊಳಗಿವೆ. ಮೂರು ವರ್ಷ ಹೆಚ್ಚು ಬಳಸಿದರೆ ಆ ಹೊರೆ ಮೂರು ವರ್ಷಗಳಿಗೆ ಹಂಚಿಹೋಗುತ್ತದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದು ಶೇಕಡ 22.3 ಮಾತ್ರ. ಉಳಿದುದರ ಒಂದಂಶ ಊರ ಹೊರಗಿನ ತಿಪ್ಪೆಗಳಲ್ಲಿ ಸುಡುತ್ತದೆ. ಅದರ ಸೀಸ ಮತ್ತು ಕ್ಯಾಡ್ಮಿಯಂ ಮಳೆನೀರಿನೊಡನೆ ಹಳ್ಳಕ್ಕಿಳಿಯುತ್ತವೆ.

ಯಂತ್ರ ನಿಜವಾಗಿ ಸತ್ತರೆ ಅದಕ್ಕೂ ಕಾನೂನಿದೆ. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಹಳೆಯ ಉಪಕರಣಗಳ ವಿಲೇವಾರಿಯ ಹೊಣೆಯನ್ನು ಅವು ತಯಾರಕರ ಮೇಲೆ ಹೊರಿಸುತ್ತವೆ. ಬ್ಯಾಟರಿಗಳಿಗೆಂದೇ 2022ರಲ್ಲಿ ಪ್ರತ್ಯೇಕ ನಿಯಮಗಳು ಬಂದವು. ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಕೊಡುವ ಬದಲು ನೋಂದಾಯಿತ ಸಂಗ್ರಹಕಾರರಿಗೆ ಒಪ್ಪಿಸುವುದು ಬಳಕೆದಾರರ ಕರ್ತವ್ಯ.

ಆದರೆ ಅದು ಕೊನೆಯ ಹೆಜ್ಜೆ. ಅದಕ್ಕೆ ಮುನ್ನ ಪ್ರತಿ ಊರಿನ ಶಾಲೆಯಲ್ಲಿಯೋ ಗ್ರಂಥಾಲಯದಲ್ಲಿಯೋ ಒಂದು ದಪ್ಪ ನೋಟುಪುಸ್ತಕ, ಲಿನಕ್ಸ್ ಸಿದ್ಧಪಡಿಸಿದ ಒಂದು ಪೆನ್‌ಡ್ರೈವ್, ಮೇಲಿನ ಪ್ರಶ್ನೆಗಳನ್ನು ಕೇಳಬಲ್ಲ ಇಬ್ಬರು ವಿದ್ಯಾರ್ಥಿಗಳು ಇರಲಿ. ಯಂತ್ರದ ಮಾದರಿ, ತೋರಿದ ಲಕ್ಷಣ, ಮಾಡಿದ ಬದಲಾವಣೆ, ದೊರೆತ ಫಲ ಇವನ್ನು ಆ ಪುಸ್ತಕದಲ್ಲಿ ಬರೆಯುತ್ತ ಹೋದರೆ ಒಬ್ಬರ ಸಂಜೆಯ ಶ್ರಮ ಹತ್ತು ಮನೆಗೆ ಒದಗುತ್ತದೆ. ವಡಗೇರಾದ ಬಿಸಿಲಿನಲ್ಲಿ ಬರೆದ ಪುಟ ಮಲೆನಾಡಿನ ಮಳೆಯಲ್ಲಿಯೂ ಪ್ರಯೋಜನಕ್ಕೆ ಬರುತ್ತದೆ. ಇಲ್ಲಿನ ಪುಟ ಅಲ್ಲಿಗೂ ಹೋಗಲಿ.